ಮೂಳೆಯೊಳಗಿನ ಮೊಳೆ: ತೊಡೆ ಮುರಿದವರನ್ನು ಮರುದಿನವೇ ನಿಲ್ಲಿಸುವುದು ಯಾಕೆ?

ಇವತ್ತಿನ ಸಂಚಿಕೆ ಹುಟ್ಟಿದ್ದು ಪರ್ತ್‌ನಿಂದ ಬಂದ ಒಂದು ಪತ್ರದಿಂದ. ಬರೆದವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಹೇಳ್ತಿದ್ದೇವೆ.

ಶಿವಮೊಗ್ಗ ಕಡೆಯ ಹುಡುಗ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಹತ್ತಿರದ ಗಣಿಯಲ್ಲಿ ಕೆಲಸ. ಒಂದು ಸಂಜೆ ಕಾರು ರಸ್ತೆ ಬಿಟ್ಟು ಮರಕ್ಕೆ ಗುದ್ದಿತು. ಬಲತೊಡೆಯ ಮೂಳೆ ನಟ್ಟನಡುವೆ ಮುರಿಯಿತು. ವಿಮಾನದಲ್ಲಿ ಪರ್ತ್‌ಗೆ ತಂದರು, ಬೆಳಗಾದ ಮೇಲೆ ಆಪರೇಷನ್ ಆಯಿತು, ಮೂಳೆಯೊಳಗೆ ರಾಡ್ ಹಾಕಿದರು. ಅದರ ಮರುದಿನ ಫಿಸಿಯೋಥೆರಪಿಸ್ಟ್ ಬಂದು ವಾಕರ್ ಮುಂದಿಟ್ಟು ಎದ್ದು ನಿಲ್ಲೋದಕ್ಕೆ ಹೇಳಿದರು. ಸರಿಯಾಗಿ ಆ ಹೊತ್ತಿಗೇ ಊರಿಂದ ಅಮ್ಮನ ವಿಡಿಯೋ ಕಾಲ್. ಮಗ ನಡುಗುತ್ತಾ ನಿಂತಿರೋದನ್ನ ನೋಡಿ ಅಮ್ಮ ಅಳೋದಕ್ಕೆ ಶುರುಮಾಡಿದರು. "ಮೂಳೆ ಮುರಿದವನನ್ನ ನಿಲ್ಲಿಸ್ತಿದಾರಲ್ಲಪ್ಪಾ, ಇವರಿಗೆ ಕರುಣೆ ಇಲ್ವಾ? ಮೂರು ತಿಂಗಳು ಕಾಲು ಊರಬೇಡ ಕಣೋ."

ಮನೆಗೆ ಬಂದ ಮೇಲೆ ಅಮ್ಮನ ಮಾತೇ ಗೆದ್ದಿತು. ಐದು ವಾರ ಅವರು ಆ ಕಾಲನ್ನು ನೆಲಕ್ಕೆ ತಾಗಿಸಲಿಲ್ಲ. ತಪಾಸಣೆಗೆ ಹೋದಾಗ ತೊಡೆ ಸೊರಗಿತ್ತು, ಮೊಣಕಾಲು ಅರ್ಧದಷ್ಟೇ ಮಡಚುತ್ತಿತ್ತು. ಎಕ್ಸ್-ರೇ ನೋಡಿದ ಸರ್ಜನ್ ಕೇಳಿದ್ದು ಒಂದೇ ಮಾತು: ನೀವು ನಡೀತಾ ಇಲ್ವಾ? ನಮಗೆ ಬಂದ ಪತ್ರದ ಕೊನೆಯಲ್ಲಿದ್ದ ಪ್ರಶ್ನೆಯೂ ಒಂದೇ: ಅಮ್ಮ ಸರಿಯೋ, ಆಸ್ಪತ್ರೆ ಸರಿಯೋ?

ಮೊದಲೇ ಹೇಳಿಬಿಡ್ತೇವೆ. ನಾವು ಜೀವವಿಜ್ಞಾನದ ಸಂಶೋಧಕರು, ವೈದ್ಯರಲ್ಲ. ಎಷ್ಟು ಭಾರ ಹಾಕಬೇಕು ಅನ್ನೋದನ್ನ ನಿಮ್ಮ ಸರ್ಜನ್ ಹೇಳಬೇಕು. ಅವರು ಹಾಗೆ ಹೇಳೋದು ಯಾಕೆ ಅನ್ನೋದನ್ನ ಮಾತ್ರ ಇವತ್ತು ನೋಡೋಣ.

ತೊಡೆಮೂಳೆ, ಅಂದರೆ ಫೀಮರ್, ನಮ್ಮ ದೇಹದ ಅತಿ ಉದ್ದದ ಮೂಳೆ. ನಮ್ಮ ಎತ್ತರದ ಸುಮಾರು ಕಾಲುಭಾಗ ಅದೊಂದೇ. ಆರೋಗ್ಯವಂತ ಯುವಕರಲ್ಲಿ ಅದರ ನಡುಭಾಗ ಮುರಿಯಬೇಕಾದರೆ ದೊಡ್ಡ ಪೆಟ್ಟೇ ಬೇಕು: ಕಾರು, ಬೈಕು ಅಪಘಾತ, ಎತ್ತರದಿಂದ ಬೀಳೋದು. ಮುರಿದಾಗ ಎರಡು ಅಪಾಯ ಒಟ್ಟಿಗೆ ಬರುತ್ತವೆ. ಒಂದು ರಕ್ತಸ್ರಾವ. ಚರ್ಮ ಹರಿಯದೆ ಇದ್ದರೂ ತೊಡೆಯ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಿ ನಿಲ್ಲಬಹುದು. ಇನ್ನೊಂದು, ತೊಡೆಯ ದಪ್ಪ ಸ್ನಾಯುಗಳ ಎಳೆತ. ನಡುವಿನ ಕಂಬ ಮುರಿದ ಕೂಡಲೇ ಅವು ಎರಡೂ ತುಂಡುಗಳನ್ನು ಒಂದರ ಮೇಲೊಂದು ಜಾರಿಸಿ ಕಾಲನ್ನು ಗಿಡ್ಡ ಮಾಡುತ್ತವೆ.

ಬೆಂಗಳೂರಿನ ರಸ್ತೆಗಳಲ್ಲಿ "ಪುತ್ತೂರು ಕಟ್ಟು" ಅನ್ನೋ ಬೋರ್ಡ್ ನೀವು ನೋಡಿರ್ತೀರಿ. ಅದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಜರುಗದೆ ಸರಿಯಾಗಿ ಕೂತಿರೋ ಸಣ್ಣ ಮುರಿತ ಬಿಗಿಯಾದ ಕಟ್ಟಿನೊಳಗೆ ಕೂಡಿಕೊಳ್ಳಬಹುದು, ಯಾಕಂದರೆ ಕೂಡಿಸೋ ಕೆಲಸ ದೇಹದ್ದೇ. ಆದರೆ ದೊಡ್ಡವರ ತೊಡೆಯಲ್ಲಿ ಹೊರಗಿನ ಬಿದಿರಿನ ಪಟ್ಟಿಗೂ ಒಳಗಿನ ಮೂಳೆಗೂ ನಡುವೆ ಅಷ್ಟು ದಪ್ಪ ಮಾಂಸ ಇದೆ. ಆ ಸ್ನಾಯುಗಳ ಎಳೆತವನ್ನು ಹೊರಗಿನ ಕಟ್ಟು ತಡೆಯಲಾರದು.

ಹಾಗಾದರೆ ಹಿಂದೆ ಏನು ಮಾಡ್ತಿದ್ದರು? ಟ್ರಾಕ್ಷನ್. ಮಂಚದ ತುದಿಯಿಂದ ಭಾರ ನೇತುಹಾಕಿ ಕಾಲನ್ನು ಎಳೆದಿಡೋದು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಮರಳಿನ ಚೀಲವೋ ಇಟ್ಟಿಗೆಯೋ ತೂಗಾಡ್ತಿದ್ದ ಮಂಚಗಳನ್ನು ಹಿರಿಯರು ಇನ್ನೂ ಮರೆತಿಲ್ಲ. ಆರರಿಂದ ಹನ್ನೆರಡು ವಾರ ಅಂಗಾತ ಮಲಗಿರಬೇಕು. ಮೂಳೆ ಕೂಡೋದರೊಳಗೆ ಬೆನ್ನಿಗೆ ಹುಣ್ಣು, ಶ್ವಾಸಕೋಶಕ್ಕೆ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೊಣಕಾಲು ಬಿಗಿ. ಶಿವಮೊಗ್ಗದ ಅಮ್ಮನ "ಮೂರು ತಿಂಗಳು" ಬಂದಿದ್ದು ಈ ಕಾಲದಿಂದ. ಅದು ಮೂಢನಂಬಿಕೆ ಅಲ್ಲ, ಆವತ್ತಿನ ವೈದ್ಯಕೀಯವೇ ಹಾಗಿತ್ತು.

ಅದನ್ನು ಬದಲಿಸಿದವರು ಜರ್ಮನಿಯ ಕೀಲ್ ನಗರದ ಸರ್ಜನ್ ಗೆರ್ಹಾರ್ಡ್ ಕ್ಯುಂಟ್ಷರ್. 1939ರ ನವೆಂಬರ್‌ನಲ್ಲಿ ಅವರು ಒಬ್ಬರ ತೊಡೆಮೂಳೆಯ ಟೊಳ್ಳಿನೊಳಗೆ ಉದ್ದನೆಯ ಉಕ್ಕಿನ ಮೊಳೆ ಇಳಿಸಿದರು. ಮೂಳೆಯೊಳಗೆ ಮೊಳೆ! ಮಜ್ಜೆ ಇರೋ ಜಾಗಕ್ಕೆ ಲೋಹ ತೂರಿಸೋದು ಆಗಿನ ಅನೇಕ ಸರ್ಜನ್‌ಗಳಿಗೆ ಹುಚ್ಚಾಟ ಅನ್ನಿಸಿತು. ಯುದ್ಧದಲ್ಲಿ ಜರ್ಮನಿಯ ಸೆರೆಯಲ್ಲಿದ್ದ ಸೈನಿಕರು ಊರಿಗೆ ಮರಳಿ ಎಕ್ಸ್-ರೇ ತೆಗೆಸಿಕೊಂಡಾಗ, ಒಳಗೆ ಉದ್ದನೆಯ ಲೋಹ ನೋಡಿ ಅಲ್ಲಿನ ವೈದ್ಯರು ಬೆರಗಾದರು. 1945ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯಲ್ಲೂ ಇದು ಸುದ್ದಿಯಾಯಿತು.

ಮೊದಲ ಮೊಳೆಗಳಿಗೆ ಒಂದು ಮಿತಿ ಇತ್ತು. ನಡುವೆ ಅಡ್ಡಡ್ಡ ಮುರಿದಿದ್ದರೆ ಸರಿ. ನಾಲ್ಕಾರು ಚೂರಾಗಿದ್ದರೆ ಮೂಳೆ ಮೊಳೆಯ ಸುತ್ತ ತಿರುಗುತ್ತಿತ್ತು, ಇಲ್ಲವೇ ಕುಸಿದು ಗಿಡ್ಡವಾಗುತ್ತಿತ್ತು. 1970ರ ದಶಕದಲ್ಲಿ ಮೊಳೆಯ ಎರಡೂ ತುದಿಗಳಲ್ಲಿ ಅಡ್ಡ ಸ್ಕ್ರೂ ಹಾಕಿ ಬಂಧಿಸೋ ವಿಧಾನ ಬಳಕೆಗೆ ಬಂತು. ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಉದ್ದವೂ ಉಳಿಯಿತು, ತಿರುಗೋದೂ ನಿಂತಿತು.

ಇದಕ್ಕೆಲ್ಲ ಒಳಗಣ್ಣು ಬೇಕಲ್ಲ, ಅದು ಎಕ್ಸ್-ರೇ. ಇಲ್ಲಿ ಅಡಿಲೇಡ್‌ನ ಒಂದು ಕಥೆ ಇದೆ. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಬ್ರ್ಯಾಗ್ ಅವರ ಪುಟ್ಟ ಮಗ ಮೂರು ಚಕ್ರದ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡ. ಯೂರೋಪಿನಿಂದ ಆಗಷ್ಟೇ ಸುದ್ದಿ ಬಂದಿದ್ದ ಹೊಸ ಕಿರಣದಿಂದ ಅಪ್ಪ ಮಗನ ಕೈಯನ್ನು ನೋಡಿದರು. ಆಸ್ಟ್ರೇಲಿಯಾದಲ್ಲಿ ಚಿಕಿತ್ಸೆಗೆ ಎಕ್ಸ್-ರೇ ಬಳಸಿದ ಮೊದಲ ದಾಖಲೆ ಅದು ಅಂತಾರೆ. ಮುಂದೆ 1915ರಲ್ಲಿ ಇದೇ ಎಕ್ಸ್-ರೇ ಬಳಸಿ ಹರಳುಗಳ ರಚನೆ ಬಿಡಿಸಿದ್ದಕ್ಕೆ ಅಪ್ಪ ಮಗ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು.

ಈಗ ಪರ್ತ್‌ಗೆ ವಾಪಸ್ ಬರೋಣ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ ನಮ್ಮ ಕರ್ನಾಟಕದ ಸುಮಾರು 13 ಪಟ್ಟು ದೊಡ್ಡದು. ಕಾಲ್ಗೂರ್ಲಿಯಿಂದ ಪರ್ತ್‌ಗೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ರಾಜ್ಯದ ಪ್ರಮುಖ ಟ್ರಾಮಾ ಕೇಂದ್ರ ಇರೋದು ಪರ್ತ್‌ನಲ್ಲಿ, ರಾಯಲ್ ಪರ್ತ್ ಆಸ್ಪತ್ರೆಯಲ್ಲಿ. 2011ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರ ಪ್ರಕಾರ, ತೀವ್ರವಾಗಿ ಗಾಯಗೊಂಡ ನಗರವಾಸಿಗಳು ಸರಾಸರಿ ಒಂದು ಗಂಟೆಯೊಳಗೆ ಪೂರ್ಣ ಚಿಕಿತ್ಸೆ ಸಿಗೋ ಜಾಗ ತಲುಪಿದರೆ, ಹಳ್ಳಿಗಾಡಿನವರಿಗೆ ಹನ್ನೊಂದು ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ಆ ದೂರವನ್ನು ದಾಟಿಸೋದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್. 1928ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲಾನ್‌ಕರಿಯಲ್ಲಿ ಶುರುವಾದ ವಿಮಾನದ ಆಂಬ್ಯುಲೆನ್ಸ್ ಸೇವೆ.

ವಿಮಾನ ಹತ್ತಿಸೋ ಮುಂಚೆ ಕಾಲಿಗೆ ಎಳೆತದ ಸ್ಪ್ಲಿಂಟ್ ಕಟ್ಟುತ್ತಾರೆ. ಹಳೆಯ ಟ್ರಾಕ್ಷನ್ ಪೂರ್ತಿ ಹೋಗಿಲ್ಲ ನೋಡಿ, ವಾರಗಳ ಬದಲು ಗಂಟೆಗಳಿಗೆ ಇಳಿದಿದೆ. ನೋವು ಕಡಿಮೆಯಾಗುತ್ತೆ, ಮೂಳೆಯ ಚೂಪು ತುದಿ ಸುತ್ತಲ ಮಾಂಸವನ್ನು ಇನ್ನಷ್ಟು ಹರಿಯೋದು ತಪ್ಪುತ್ತೆ. ಇನ್ನೊಂದು ಭಯ ಮಜ್ಜೆಯ ಕೊಬ್ಬಿನದು. ಅದರ ಹನಿಗಳು ರಕ್ತಕ್ಕೆ ಸೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಮೊದಲ ಮೂರು ದಿನ ಉಸಿರು, ಆಮ್ಲಜನಕ, ಪ್ರಜ್ಞೆ ಎಲ್ಲದರ ಮೇಲೂ ಕಣ್ಣಿಟ್ಟಿರ್ತಾರೆ. 1989ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದ ಅಧ್ಯಯನವೊಂದು, ಹಲವು ಗಾಯಗಳಾದವರ ತೊಡೆಮೂಳೆಯನ್ನು 24 ಗಂಟೆಯೊಳಗೆ ಸ್ಥಿರಗೊಳಿಸಿದರೆ ಶ್ವಾಸಕೋಶದ ತೊಂದರೆ ಕಡಿಮೆ ಅಂತ ತೋರಿಸಿತು. ಆದರೆ ರೋಗಿ ತೀರಾ ಅಸ್ಥಿರವಾಗಿದ್ದರೆ ಹೊರಗಿಂದ ತಾತ್ಕಾಲಿಕ ಚೌಕಟ್ಟು ಹಾಕಿ, ಚೇತರಿಸಿಕೊಂಡ ಮೇಲೆ ರಾಡ್ ಹಾಕ್ತಾರೆ.

ಆಪರೇಷನ್‌ನಲ್ಲಿ ಏನಾಗುತ್ತೆ? ಎಕ್ಸ್-ರೇ ಪರದೆ ನೋಡ್ತಾ ಕಾಲನ್ನು ಎಳೆದು ಎರಡು ತುಂಡುಗಳನ್ನು ಒಂದೇ ಸಾಲಿಗೆ ತರ್ತಾರೆ. ಸೊಂಟದ ಪಕ್ಕ, ಕೆಲವೊಮ್ಮೆ ಮೊಣಕಾಲಿನ ಕಡೆಯಿಂದ, ಸಣ್ಣ ಗಾಯ ಮಾಡಿ ಮೂಳೆಯ ಟೊಳ್ಳಿಗೆ ತಂತಿ ಇಳಿಸ್ತಾರೆ. ತಂತಿಯ ಜಾಡಿನಲ್ಲಿ ಟೊಳ್ಳನ್ನು ಸ್ವಲ್ಪ ಸ್ವಲ್ಪವಾಗಿ ಕೊರೆದು ಅಗಲಿಸಿ, ಸುಮಾರು 10-12 ಮಿಲಿಮೀಟರ್ ದಪ್ಪದ, ಟೈಟಾನಿಯಂ ಮಿಶ್ರಲೋಹದ ಅಥವಾ ಉಕ್ಕಿನ ರಾಡ್ ಇಳಿಸ್ತಾರೆ. ಆಮೇಲೆ ಎರಡೂ ತುದಿಗೆ ಅಡ್ಡ ಸ್ಕ್ರೂ. ಮುರಿದ ಜಾಗವನ್ನು ಬಹುತೇಕ ತೆರೆಯೋದೇ ಇಲ್ಲ.

ಆ "ತೆರೆಯೋದೇ ಇಲ್ಲ" ಅನ್ನೋದು ಜೀವವಿಜ್ಞಾನದವರಾದ ನಮಗೆ ಬಹಳ ಇಷ್ಟದ ಮಾತು. ಯಾಕಂದರೆ ಮುರಿದ ಜಾಗದಲ್ಲಿ ಹೆಪ್ಪುಗಟ್ಟಿರೋ ರಕ್ತ ಕಸ ಅಲ್ಲ, ಅದು ಬೀಜದ ಮಡಿ. ಮೊದಲ ದಿನಗಳಲ್ಲಿ ಅಲ್ಲಿಗೆ ಉರಿಯೂತದ ಕೋಶಗಳು ಬರುತ್ತವೆ, ಮೂಳೆಯ ಹೊರಪೊರೆಯಿಂದ ಕಾಂಡಕೋಶಗಳು ಎದ್ದು ಬರುತ್ತವೆ. ಎರಡು ಮೂರು ವಾರದಲ್ಲಿ ಅವು ಮೆದುವಾದ ಮೃದ್ವಸ್ಥಿಯ ಸೇತುವೆ ಕಟ್ಟುತ್ತವೆ. ಮುಂದಿನ ವಾರಗಳಲ್ಲಿ ಅದೇ ಸೇತುವೆ ಸುಣ್ಣಗಟ್ಟಿ ಮೂಳೆಯಾಗುತ್ತೆ. ತಾಯಿಯ ಗರ್ಭದಲ್ಲಿ ನಮ್ಮ ಕೈಕಾಲುಗಳ ಉದ್ದ ಮೂಳೆಗಳು ಬೆಳೆದದ್ದೂ ಇದೇ ದಾರಿಯಲ್ಲಿ: ಮೊದಲು ಮೃದ್ವಸ್ಥಿ, ಆಮೇಲೆ ಮೂಳೆ.

ಈ ಸೇತುವೆಗೆ ಸ್ವಲ್ಪ ಅಲುಗಾಟ ಬೇಕು. ಸ್ವಿಟ್ಜರ್ಲೆಂಡಿನ ಸ್ಟೆಫಾನ್ ಪೆರೆನ್ ಅವರು ಮುಂದಿಟ್ಟ ಲೆಕ್ಕ ಹೀಗಿದೆ: ಬಲಿತ ಮೂಳೆ ತನ್ನ ಉದ್ದದ ಶೇಕಡಾ 2ರಷ್ಟು ಹಿಗ್ಗಿದರೆ ಬಿರಿಯುತ್ತೆ, ಮೃದ್ವಸ್ಥಿ ಶೇಕಡಾ 10ರವರೆಗೆ ತಾಳುತ್ತೆ, ಆರಂಭದ ಮೆದು ಅಂಗಾಂಶ ತನ್ನ ಎರಡು ಪಟ್ಟಿಗೆ ಹಿಗ್ಗಿದರೂ ಉಳಿಯುತ್ತೆ. ಅತಿ ಅಲುಗಾಟವಾದರೆ ಸೇತುವೆ ಮತ್ತೆ ಮತ್ತೆ ಹರಿಯುತ್ತೆ. ಅಲುಗಾಟ ತೀರಾ ಇಲ್ಲದಿದ್ದರೆ ಸೇತುವೆ ಕಟ್ಟು ಅನ್ನೋ ಸೂಚನೆಯೇ ಕೋಶಗಳಿಗೆ ದುರ್ಬಲ. ಮೂಳೆಯೊಳಗಿನ ರಾಡ್ ಬಂಡೆಯ ಹಾಗೆ ಬಿಗಿ ಅಲ್ಲ. ನೀವು ಹೆಜ್ಜೆ ಇಟ್ಟಾಗ ಅದು ಕೂದಲೆಳೆಯಷ್ಟು ಬಾಗುತ್ತೆ, ಭಾರವನ್ನು ಮೂಳೆಯ ಜೊತೆ ಹಂಚಿಕೊಳ್ಳುತ್ತೆ. ಕೋಶಗಳಿಗೆ ಬೇಕಾದ ಸೂಚನೆ ಆ ಹೆಜ್ಜೆಯಲ್ಲೇ ಇದೆ.

ಅಂದರೆ ರಾಡ್ ಮೂಳೆಯನ್ನು ಕೂಡಿಸೋದಿಲ್ಲ. ಮೂಳೆ ತಾನೇ ಕೂಡಿಕೊಳ್ಳುವವರೆಗೆ ಅದು ಹಿಡಿದು ನಿಂತಿರುತ್ತೆ, ಅಷ್ಟೇ. ಇದು ಒಂದು ಓಟ. ಒಂದು ಕಡೆ ಮೂಳೆ ಬೆಳೀತಿದೆ, ಇನ್ನೊಂದು ಕಡೆ ಲೋಹ ದಣಿಯುತ್ತಿದೆ. ತಂತಿಯನ್ನು ಪದೇಪದೇ ಬಗ್ಗಿಸಿದರೆ ಮುರಿಯುತ್ತಲ್ಲ, ಹಾಗೆ. ಮೂಳೆ ಕೂಡದೇ ಹೋದರೆ ಎಂಥಾ ರಾಡ್ ಆದರೂ ಒಂದು ದಿನ ಮುರಿಯಬಹುದು. ಸಮಾಧಾನದ ಸಂಗತಿ ಅಂದರೆ ಈ ಓಟದಲ್ಲಿ ಸಾಮಾನ್ಯವಾಗಿ ಗೆಲ್ಲೋದು ಮೂಳೆಯೇ. 1984ರಲ್ಲಿ ಅಮೆರಿಕದ ಸಿಯಾಟಲ್‌ನ ತಂಡ ಇಂಥ 520 ಮುರಿತಗಳ ವರದಿ ಕೊಟ್ಟಿತು. ಅವುಗಳಲ್ಲಿ ಶೇಕಡಾ 99ರಷ್ಟು ಕೂಡಿಕೊಂಡಿದ್ದವು. 1999ರಲ್ಲಿ ಬಾಲ್ಟಿಮೋರ್‌ನ ಸರ್ಜನ್‌ಗಳು, ಚೂರುಚೂರಾದ ಮುರಿತದಲ್ಲೂ ಸಾಕಷ್ಟು ಗಟ್ಟಿಯಾದ ರಾಡ್ ಇದ್ದರೆ ಕೂಡಲೇ ಭಾರ ಹಾಕಿಸಬಹುದು ಅಂತ ತೋರಿಸಿದರು.

ಸೋಲೋದು ಎಲ್ಲಿ? ಚರ್ಮ ಹರಿದು ಸೋಂಕಾದಾಗ, ಮೂಳೆಯ ತುಂಡೇ ಕಳೆದುಹೋದಾಗ, ಸಿಗರೇಟ್ ಬಿಡದೇ ಇದ್ದಾಗ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಾಗ. ಅಂಥ ದೊಡ್ಡ ಅಂತರ ತುಂಬೋದು ಹೇಗೆ ಅನ್ನೋದು ಬ್ರಿಸ್ಬೇನ್‌ನಲ್ಲಿ ನಡೀತಿರೋ ಕೆಲಸ. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯವರು ಕುರಿಗಳ ಮೊಣಕಾಲ ಕೆಳಗಿನ ಮೂಳೆಯಲ್ಲಿ 3 ಸೆಂಟಿಮೀಟರ್ ಅಂತರ ಬಿಟ್ಟು, ದೇಹದಲ್ಲಿ ನಿಧಾನವಾಗಿ ಕರಗೋ ಪ್ಲಾಸ್ಟಿಕ್ಕಿನ ಜಾಲರಿಯನ್ನು ಇಟ್ಟು, ಮೂಳೆ ಬೆಳೆಸೋ ಪ್ರೋಟೀನ್ ಸೇರಿಸಿ ಆ ಅಂತರ ತುಂಬೋದನ್ನ ತೋರಿಸಿದ್ದಾರೆ. ಅಲ್ಲೂ ನಿಯಮ ಒಂದೇ. ಹೊರಗಿಂದ ಕೊಡೋದು ಚಪ್ಪರ, ಬಳ್ಳಿ ದೇಹದ್ದೇ.

ಹಾಗಾದರೆ ಆಸ್ಪತ್ರೆಯಿಂದ ಮನೆಗೆ ಬರೋ ಮುಂಚೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ನಾನು ಎಷ್ಟು ಭಾರ ಹಾಕಬಹುದು: ಪೂರ್ತಿಯೋ, ಅರ್ಧವೋ, ಬರೀ ತಾಗಿಸೋದೋ? ಮೊಣಕಾಲು ಮಡಚೋ ವ್ಯಾಯಾಮ ದಿನಕ್ಕೆ ಎಷ್ಟು ಸಲ? ರಕ್ತ ಹೆಪ್ಪುಗಟ್ಟದ ಔಷಧ ಎಷ್ಟು ದಿನ? ಊರಿಗೆ ವಿಮಾನ ಯಾವಾಗ ಹತ್ತಬಹುದು? ಎಲ್ಲರ ಮುರಿತವೂ ಒಂದೇ ಥರ ಇರೋದಿಲ್ಲ, ಕೆಲವರಿಗೆ ನಿಜವಾಗಿಯೂ ಕಾಯಿರಿ ಅಂತಾರೆ. ಮೀನಖಂಡ ಊದಿ ನೋಯ್ತಿದ್ದರೆ, ಜ್ವರ ಬಂದು ಗಾಯ ಸೋರಿದರೆ ಕೂಡಲೇ ವೈದ್ಯರಿಗೆ ತಿಳಿಸಿ. ದಿಢೀರ್ ಉಸಿರು ಕಟ್ಟಿದರೆ ಆಸ್ಟ್ರೇಲಿಯಾದಲ್ಲಿ 000, ಭಾರತದಲ್ಲಿ 112ಕ್ಕೆ ಕರೆ ಮಾಡಿ. ಇನ್ನು, ರಾಡ್ ತೆಗೆಸಲೇಬೇಕಾ ಅಂತ ತುಂಬಾ ಜನ ಕೇಳ್ತಾರೆ. ದೊಡ್ಡವರಲ್ಲಿ ತೊಂದರೆ ಕೊಡದ ರಾಡ್ ಒಳಗೇ ಇರಬಹುದು.

ಪರ್ತ್‌ನ ನಮ್ಮ ಕೇಳುಗರಿಗೆ ಉತ್ತರ: ನಿಮ್ಮ ಅಮ್ಮ ಅವರ ಕಾಲದ ಚಿಕಿತ್ಸೆಗೆ ಸರಿ, ಆಸ್ಪತ್ರೆ ನಿಮ್ಮ ಕಾಲಿಗೆ ಸರಿ. ಐದು ವಾರ ಕಳೆದಿದ್ದಕ್ಕೆ ಕೊರಗಬೇಡಿ. ಅವರು ಮೊನ್ನೆ ಮತ್ತೆ ಬರೆದಿದ್ದರು. ಈಗ ದಿನಾ ಒಂದು ಕೋಲು ಹಿಡಿದು ಸ್ವಾನ್ ನದಿ ದಂಡೆಯಲ್ಲಿ ನಡೀತಾರಂತೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಕೂಡ ಜೊತೆಗಿರ್ತಾರಂತೆ, ಹೆಜ್ಜೆ ಎಣಿಸೋದಕ್ಕೆ. ಈ ಸಂಚಿಕೆಯನ್ನ ಅವರಿಗೂ ಕೇಳಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ, ಎಲ್ಲೇ ಇರಿ, ಸೀಟ್ ಬೆಲ್ಟ್ ಹಾಕಿಕೊಳ್ಳಿ.