ಶೀಲ್ಡೂ ಬರಲಿ, ಬೆರಳೂ ಇರಲಿ

ನಿನ್ನ ಹುರುಪು ನೋಡಿದರೆ ಖುಷಿಯಾಗುತ್ತೆ ಕಣಪ್ಪಾ. ಜಲ್ಲಿ ಕ್ರಷರಿಗೆ ಸೂಪರ್‌ವೈಸರ್ ಆಗಿ ಸೇರಿ ಇನ್ನೂ ಹೊಸ ಬೂಟು ಕಚ್ಚೋದು ನಿಂತಿಲ್ಲ, ಆಗಲೇ ಗಣಿ ಸುರಕ್ಷಾ ಸಪ್ತಾಹದ ಶೀಲ್ಡು ನಮಗೇ ಬರಬೇಕು ಅಂತ ಹಟ ಹಿಡಿದಿದ್ದೀಯ. ಹಿಡಿ, ಬೇಡ ಅನ್ನಲ್ಲ. ಪೈಪೋಟಿ ಇಲ್ಲದಿದ್ದರೆ ನಮ್ಮ ಜನ ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿ, ತಲೆಗೆ ಟವೆಲ್ ಸುತ್ತಿಕೊಂಡೇ ಬಂಡೆ ಹತ್ತುತ್ತಾರೆ.

ಈ ಪಂದ್ಯ ಹಳೆಯದು. ಅಮೆರಿಕದಲ್ಲಿ 1925ರಲ್ಲೇ ‘ಸೆಂಟಿನೆಲ್ಸ್ ಆಫ್ ಸೇಫ್ಟಿ’ ಅಂತ ಶುರುವಾಯ್ತು. ಆಗ ವಾಣಿಜ್ಯ ಸಚಿವನಾಗಿದ್ದ ಹರ್ಬರ್ಟ್ ಹೂವರ್ ಅದಕ್ಕೆ ಚಾಲನೆ ಕೊಟ್ಟವನು. ಗಾಯವಿಲ್ಲದೆ ಹೆಚ್ಚು ಗಂಟೆ ದುಡಿದ ಗಣಿಗೆ ಬಹುಮಾನ. ನಮ್ಮಲ್ಲಿ ಬೇರೆ ಗಣಿಯವರ ತಂಡ ಬಂದು ನೋಡಿ ಅಂಕ ಹಾಕುತ್ತೆ. ಆ ವಾರ ದಾರಿಬದಿಯ ಕಲ್ಲಿಗೂ ಸುಣ್ಣದ ಭಾಗ್ಯ!

ಗಾಯ ಎಣಿಸಿ ಬಹುಮಾನ ಕೊಡುವ ಕಡೆ ಒಂದು ಕೆಟ್ಟ ಚಾಳಿ ಹುಟ್ಟಿಕೊಳ್ಳುತ್ತೆ. 72 ಗಂಟೆ ಕೆಲಸಕ್ಕೆ ಬಾರದಷ್ಟು ಪೆಟ್ಟಾದರೆ ಅದು ವರದಿ ಮಾಡಬೇಕಾದ ಗಾಯ ಅನ್ನುತ್ತಿತ್ತು 1952ರ ಗಣಿ ಕಾಯ್ದೆ. ಅಂಥ ಲೆಕ್ಕ ತಪ್ಪಿಸೋಕೆಂದೇ ಕಾಲ್ಬೆರಳು ಜಜ್ಜಿಕೊಂಡವನನ್ನು ಮರುದಿನವೇ ಬೈಕಿನಲ್ಲಿ ಕರೆತಂದು, ವೇಬ್ರಿಡ್ಜ್ ಪಕ್ಕ ಕುರ್ಚಿ ಹಾಕಿ ಕೂರಿಸಿ, ಹಾಜರಿ ಹಾಕಿಸುತ್ತಾರೆ. ಕಾಲಲ್ಲಿ ಬ್ಯಾಂಡೇಜು, ಕೈಯಲ್ಲಿ ಚೀಟಿ ಪುಸ್ತಕ. ಬೋರ್ಡಿನಲ್ಲಿ ಮಾತ್ರ ಅಪಘಾತರಹಿತ ದಿನ ಒಂದೊಂದೇ ಏರುತ್ತಿರುತ್ತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅಂಥ ಕುರ್ಚಿಯನ್ನು ನೀನು ಹಾಕಿಸಬೇಡ, ಮಾಲೀಕ ಮುಖ ಊದಿಸಿಕೊಂಡರೂ ಸರಿ.

ಕನ್ವೇಯರಿನ ಹಿಂದಿನ ಪುಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡು. ಅಲ್ಲಿ ಪುಡಿ ಉದುರಿ ಗುಡ್ಡೆಯಾಗುತ್ತೆ. ಬೆಲ್ಟು ಓಡುತ್ತಿರುವಾಗಲೇ ಯಾವನೋ ಸಲಿಕೆ ತೂರಿಸುತ್ತಾನೆ. ಸಲಿಕೆ ಸಿಕ್ಕಿಕೊಂಡರೆ ಕೈ ಬಿಡೋಕೆ ಪುರುಸೊತ್ತು ಸಿಗಲ್ಲ. ಜಾಲರಿ ಗಾರ್ಡು ಎಲ್ಲಿ ಅಂದರೆ ಗೋಡೆಗೆ ಒರಗಿಕೊಂಡು ಆರಾಮಾಗಿರುತ್ತೆ. ಸಪ್ತಾಹಕ್ಕೆಂದು ಹಳದಿ ಬಣ್ಣ ಬಳಿದು ಒಣಗಿಸಿದ್ದಂತೆ! ಬೆಲ್ಟು ನಿಲ್ಲಿಸು, ಸ್ವಿಚ್ಚಿಗೆ ಬೀಗ ಹಾಕಿಸು. ಕೀಲಿ ನಿನ್ನ ಜೇಬಿನಲ್ಲಲ್ಲ, ಕೈ ಹಾಕುವವನ ಜೇಬಿನಲ್ಲಿರಲಿ.

ಗರಸು ಮಣ್ಣಿನ ದಂಡೆಯನ್ನು ಬುಡದಲ್ಲಿ ಕೆರೆಯೋ ಹಿಟಾಚಿಯವನಿಗೂ ಒಂದು ಮಾತು ಹಾಕು. ಅಂಥ ಸಡಿಲ ನೆಲದಲ್ಲಿ ಮೆಟ್ಟಿಲು 1.5 ಮೀಟರಿಗಿಂತ ಎತ್ತರ ಇರಬಾರದು ಅಂತ 1961ರ ಗಣಿ ನಿಯಮಾವಳಿಯೇ ಹೇಳಿದೆ.

ಇನ್ನು ಧೂಳು. ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಸಾಮಾನ್ಯವಾಗಿ ಬರೋದು ವರ್ಷಾನುಗಟ್ಟಲೆ ಧೂಳು ಕುಡಿದ ಮೇಲೆ. ಅಷ್ಟರಲ್ಲಿ ಆ ಕೂಲಿಯವನು ಊರು ಸೇರಿರುತ್ತಾನೆ, ನಿಮ್ಮ ಬೋರ್ಡಿನ ಲೆಕ್ಕ ಚುಕ್ತಾ. ತಂಡ ಬಂದ ದಿನ ನೀರು ಚಿಮ್ಮಿಸಿ, ಅವರ ಜೀಪು ತಿರುಗಿದ ಕೂಡಲೇ ವಾಲ್ವು ಮುಚ್ಚೋ ಪೈಕಿ ನೀನಾಗಬೇಡ. ನಾಜಲ್ ಕಟ್ಟಿಕೊಂಡಿದೆಯಾ ಅಂತ ದಿನಾ ನೋಡು.

ಬಹುಮಾನ ಹಂಚುವ ಆಸೆ ಇದ್ದರೆ, “ಸಾರ್, ಇವತ್ತು ಕಲ್ಲು ತಲೆ ಸವರಿಕೊಂಡು ಹೋಯ್ತು” ಅಂತ ತಾನಾಗಿ ಬಂದು ಹೇಳಿದವನಿಗೆ ಕೊಡು. ಮೊದಲ ಸಲ ಯಾರೂ ಬರಲ್ಲ. ಬೈತೀಯ ಅಂತ ಅವರಿಗೆ ಭಯ. ನಿನ್ನ ಮೂಗಿನ ತುದಿಯ ಸಿಟ್ಟು ನನಗೆ ಗೊತ್ತಿಲ್ಲವೇ? ಅವನು ಹೇಳಿ ಮುಗಿಸೋವರೆಗೆ ಬಾಯಿ ಮುಚ್ಚಿಕೊಂಡಿರು, ಆಮೇಲೆ ಅವನ ಜೊತೆ ಹೋಗಿ ಆ ಕಲ್ಲು ಬಿದ್ದ ಜಾಗ ನೋಡಿಕೊಂಡು ಬಾ.