ಪ್ರಾತಿಕಾಮಿಯ ಸಂಕಟ

ಶ್ರೀಮನ್ಮಹಾಭಾರತದ ದ್ಯೂತಪ್ರಸಂಗವನ್ನು ಪ್ರವಚನಗಳಲ್ಲಿ ಕೇಳುವಾಗ ನಮ್ಮ ಚಿತ್ತವು ದ್ರೌಪದೀದೇವಿಯ ಕಡೆಗೂ ಭೀಮಸೇನದೇವರ ಕೋಪದ ಕಡೆಗೂ ಹರಿಯುವುದು ಸಹಜ. ಅದೇ ಸಭಾಪರ್ವದಲ್ಲಿ ಸುದ್ದಿಯನ್ನು ಹೊತ್ತು ಅಲೆದ ಸೂತನೊಬ್ಬನಿದ್ದಾನೆ, ಅವನೇ ಪ್ರಾತಿಕಾಮಿ. ಅನ್ಯಾಯವನ್ನು ಪರರು ನಿಶ್ಚಯಿಸಿ, ಅದನ್ನು ತಿಳಿಸುವ ಭಾರವನ್ನು ಮಾತ್ರ ನಮ್ಮ ಮೇಲೆ ಹೊರಿಸಿದಾಗ ಮನಸ್ಸಿನ ಸ್ಥಿತಿ ಏನಾಗುವುದೆಂಬುದು ಅವನ ನಡೆಯಲ್ಲಿ ಕಾಣುತ್ತದೆ.

ದ್ರೌಪದಿಯನ್ನು ಕರೆತರಲು ದುರ್ಯೋಧನನು ಮೊದಲು ಹೇಳಿದ್ದು ವಿದುರನಿಗೆ. ವಿದುರನು ಒಪ್ಪದೆ ಅವನನ್ನೇ ನಿಂದಿಸಿದನು. ಆ ಧೈರ್ಯ ಸೇವಕನಿಗೆ ಎಲ್ಲಿಂದ ಬರಬೇಕು? ಪ್ರಾತಿಕಾಮಿ ಹೋದನು, ಹೇಳಿದನು. ದೇವಿಯ ಮೊದಲ ಮಾತು ಧರ್ಮರಾಜನನ್ನು ಕುರಿತದ್ದಲ್ಲ. ಹೀಗೆ ಹೇಗೆ ನುಡಿಯುತ್ತೀ ಎಂದು ಎದುರಿಗಿದ್ದವನನ್ನೇ ಕೇಳಿದಳು. ನೊಂದವರಿಗೆ ಮೊದಲು ಕಾಣುವುದು ಸುದ್ದಿ ತಂದವನ ಮುಖ.

ಇಂತಹ ಸಮಯದಲ್ಲಿ ನಾವಾಗಿದ್ದರೆ ಮಾತನ್ನು ಮೆತ್ತಗೆ ಮಾಡುತ್ತಿದ್ದೆವು, ಅಥವಾ 'ನನಗೇನೂ ಗೊತ್ತಿಲ್ಲ' ಎಂದು ಜಾರಿಕೊಳ್ಳುತ್ತಿದ್ದೆವು. ಅವನು ನಡೆದುದನ್ನು ನಡೆದ ಕ್ರಮದಲ್ಲಿಯೇ ಹೇಳಿದನು: ಮೊದಲು ತಮ್ಮಂದಿರು, ಅನಂತರ ತಾನು, ಕೊನೆಗೆ ನೀನು ಎಂದು ರಾಜನು ಪಣವೊಡ್ಡಿದನೆಂದು. ಆ ಕ್ರಮದಿಂದಲೇ ದೇವಿಗೆ ಪ್ರಶ್ನೆ ದೊರೆಯಿತು. ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿ? ಮೊದಲು ಸೋತದ್ದು ಯಾರನ್ನು ಎಂದು ಕೇಳಿ ಬಾ ಎಂದಳು. ಅವನು ಹಿಂದಿರುಗಿ ತುಂಬಿದ ಸಭೆಯಲ್ಲಿ ಅದನ್ನು ಕೇಳಿದನು. ಧರ್ಮರಾಜನಿಂದ ಉತ್ತರ ಬರಲಿಲ್ಲ.

ಎರಡನೆಯ ಸಲ ಹೋದಾಗ ಅವನು ವ್ಯಥೆಗೊಂಡಿದ್ದನು. ಕೌರವರಿಗೆ ಕೇಡುಗಾಲ ಬಂದಂತೆ ತೋರುತ್ತದೆಂದು ತನ್ನ ಮಾತನ್ನೂ ಸೇರಿಸಿದನು. ಮತ್ತೊಮ್ಮೆ ಆಜ್ಞೆಯಾದಾಗ ದೇವಿಯ ಕೋಪಕ್ಕೆ ಅಂಜಿ, ಆಕೆಗೆ ಏನೆಂದು ಹೇಳಲಿ ಎಂದು ಸಭೆಯವರನ್ನೇ ಕೇಳಿದನು. ಇವನು ಭೀಮನಿಗೆ ಹೆದರಿದ್ದಾನೆಂದು ದುರ್ಯೋಧನನು ತಿಳಿದನು. ಭೀಮಸೇನದೇವರ ಭಯ ದುರ್ಯೋಧನನಿಗೇ ಇದ್ದಿತೆಂದು ನನ್ನ ಎಣಿಕೆ. ಆಜ್ಞೆ ಕೊಟ್ಟವನು ದೇವಿಯ ಮುಖವನ್ನು ಇನ್ನೂ ನೋಡಿರಲಿಲ್ಲ.

ನಮ್ಮ ಮನೆಗಳಲ್ಲಿಯೂ ಹಿರಿಯರು ಕೂಡಿ ಪಾಲು ನಿಶ್ಚಯಿಸುತ್ತಾರೆ. ಗಂಡನನ್ನು ಕಳೆದುಕೊಂಡ ಅತ್ತಿಗೆಗೆ ತಿಳಿಸಲು ಕಿರಿಯ ಮೈದುನನನ್ನು ಕಳುಹಿಸುತ್ತಾರೆ. ಅವನು ತಲೆ ತಗ್ಗಿಸಿ ಹೇಳಿ, ಆಕೆಯ ಮಾತು ಮುಗಿಯುವ ಮೊದಲೇ ಅಂಗಳಕ್ಕೆ ಇಳಿದುಬಿಡುತ್ತಾನೆ. ಆಕೆ ಕೇಳಿದ್ದು ಹಿರಿಯರನ್ನು ತಲುಪುವುದೇ ಇಲ್ಲ.

ಪ್ರಾತಿಕಾಮಿ ತಂದ ಪ್ರಶ್ನೆ ಸಭೆಯಲ್ಲಿ ಉಳಿಯಿತು. ದುಶ್ಶಾಸನನು ದೇವಿಯನ್ನು ಎಳೆತಂದ ಮೇಲೂ ಆಕೆ ಅದನ್ನೇ ಕೇಳಿದಳು. ಧರ್ಮವು ಸೂಕ್ಷ್ಮವೆಂದು ಭೀಷ್ಮರು ನಿರ್ಣಯ ಹೇಳಲಾರದೆ ಹೋದರು. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದು, ದ್ರೌಪದಿಯನ್ನು ಗೆದ್ದಂತಾಗಲಿಲ್ಲವೆಂದನು.

ಶ್ರೀಕೃಷ್ಣಾರ್ಪಣಮಸ್ತು