ಒಡೆದರೂ ಬಿಡದ ಎರಡು ಧ್ರುವಗಳು

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ತೆರೆದಿರಲಿಲ್ಲ. ಮತ್ತೆ ತೆರೆಯುವಂತೆ ಮಾಡಿದ್ದು ನನ್ನ ಕೈಯಿಂದ ಬಿದ್ದು ಒಡೆದ ಒಂದು ಕಾಂತ.

ನಮ್ಮ ಅಬ್ಬಾ ಗುಜರಿ ಅಂಗಡಿ ನಡೆಸುತ್ತಾರೆ. ತಕ್ಕಡಿಯ ಪಕ್ಕದಲ್ಲಿ ಹಳೆಯ ಸ್ಪೀಕರ್‌ನಿಂದ ತೆಗೆದ ಬಳೆಯಾಕಾರದ ಕಾಂತ ದಾರದಲ್ಲಿ ನೇತಾಡುತ್ತಿರುತ್ತದೆ. ಬಂದ ಮಾಲಿಗೆಲ್ಲ ಅದನ್ನು ತಾಗಿಸುತ್ತಾರೆ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಹಿತ್ತಾಳೆಯೋ ತಾಮ್ರವೋ ಅಲ್ಯೂಮಿನಿಯಮ್ಮೋ ಎಂದು ಮುಂದೆ ನೋಡುತ್ತಾರೆ. ಕಬ್ಬಿಣಕ್ಕಿಂತ ಹಿತ್ತಾಳೆಗೆ ಹಲವು ಪಟ್ಟು ಬೆಲೆ.

ಒಂದು ಭಾನುವಾರ ಅಬ್ಬಾ ಊರಲ್ಲಿರಲಿಲ್ಲ. ಕಾಂತ ನನ್ನ ಕೈಜಾರಿ ಎರಡು ತುಂಡಾಯಿತು. ಹೆದರಿ ಅಂಟು ಹಚ್ಚಿ ಜೋಡಿಸಲು ಹೋದೆ. ಒಡೆದ ಅಂಚುಗಳನ್ನು ಹತ್ತಿರ ತಂದಂತೆ ಅವು ಒಂದನ್ನೊಂದು ತಳ್ಳಿದವು. ಒಂದು ತುಂಡನ್ನು ಮಗುಚಿದರೆ ಟಕ್ಕನೆ ಕಚ್ಚಿಕೊಂಡವು, ಆದರೆ ಅಂಚುಗಳು ಸರಿಯಾಗಿ ಕೂಡಲಿಲ್ಲ. ಕಾಂತ ಕೆಟ್ಟಿತು ಎಂದುಕೊಂಡು ಡ್ರಾಯರ್‌ನಲ್ಲಿ ಬಚ್ಚಿಟ್ಟೆ.

ಸಂಜೆ ಒಬ್ಬರು ಹಳದಿ ಬಣ್ಣದ ಕರ್ಟನ್ ರಾಡ್‌ಗಳನ್ನು ತಂದರು. ಪರೀಕ್ಷಿಸದೆ ಹಿತ್ತಾಳೆಯ ದರ ಕೊಟ್ಟು 3 ಕೆ.ಜಿ. ಕೊಂಡೆ. ರಾತ್ರಿ ಬಂದ ಅಬ್ಬಾ ಡ್ರಾಯರ್‌ನಲ್ಲಿದ್ದ ತುಂಡನ್ನೇ ತೆಗೆದು ತಾಗಿಸಿದರು. ಅಂಟಿತು! ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ತೆಳು ಲೇಪ. ಸಾವಿರ ರೂಪಾಯಿಗೂ ಹೆಚ್ಚು ನಷ್ಟ. ಅಬ್ಬಾ ಬೈಯಲಿಲ್ಲ. "ಆಧಾ ಟುಕ್ಡಾ ಬೀ ಚಿಪಕ್ತಾ ನಾ ಬೇಟಾ" ಎಂದರು. ಅರ್ಧ ತುಂಡೂ ಅಂಟುತ್ತದಲ್ಲ ಮಗನೇ, ಎಂದು.

ಏಕೆ ಅಂಟುತ್ತದೆ ಎಂದು ತಿಳಿದುಕೊಳ್ಳಲೇಬೇಕೆನಿಸಿತು.

ತುಂಡಾದರೆ ಧ್ರುವ ಎಲ್ಲಿ ಹೋಗುತ್ತದೆ?

ಪ್ರತಿ ಕಾಂತಕ್ಕೂ ಉತ್ತರ ಮತ್ತು ದಕ್ಷಿಣ ಎಂಬ ಎರಡು ಧ್ರುವಗಳಿವೆ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ. ದಂಡಕಾಂತವನ್ನು ನಡುವೆ ತುಂಡು ಮಾಡಿದರೆ ಒಂದರಲ್ಲಿ ಬರೀ ಉತ್ತರ, ಇನ್ನೊಂದರಲ್ಲಿ ಬರೀ ದಕ್ಷಿಣ ಉಳಿಯುವುದಿಲ್ಲ. ಒಡೆದ ಜಾಗದಲ್ಲಿ ಹೊಸ ಧ್ರುವಗಳು ಕಾಣಿಸಿಕೊಂಡು ಪ್ರತಿ ತುಂಡೂ ಪೂರ್ತಿ ಕಾಂತವಾಗುತ್ತದೆ. ಒಂದೇ ಧ್ರುವದ ಕಾಂತ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ನಮ್ಮ ಲೆಕ್ಕಶಾಸ್ತ್ರದಲ್ಲಿ ಡೆಬಿಟ್ ಇಲ್ಲದೆ ಕ್ರೆಡಿಟ್ ಇಲ್ಲದ ಹಾಗೆ.

ಸ್ಪೀಕರ್ ಕಾಂತದ ಧ್ರುವಗಳು ಬಳೆಯ ಎರಡು ಚಪ್ಪಟೆ ಮುಖಗಳಲ್ಲಿರುತ್ತವೆ. ಒಡೆದಾಗ ಎರಡೂ ತುಂಡುಗಳಿಗೆ ಮೇಲ್ಮುಖದಲ್ಲಿ ಒಂದೇ ಧ್ರುವ, ಕೆಳಮುಖದಲ್ಲಿ ಇನ್ನೊಂದು. ಪಕ್ಕಪಕ್ಕ ಇಟ್ಟರೆ ಸಜಾತೀಯ ಧ್ರುವಗಳು ಹತ್ತಿರವಾಗುತ್ತವೆ, ಅದಕ್ಕೇ ತಳ್ಳುತ್ತವೆ. ಒಂದನ್ನು ಮಗುಚಿದರೆ ಸೆಳೆಯುತ್ತವೆ. ನನ್ನ ಕೈಯಲ್ಲಿದ್ದುದು ಕೆಟ್ಟ ಕಾಂತವಲ್ಲ, ಎರಡು ಒಳ್ಳೆಯ ಕಾಂತಗಳು.

ಕಬ್ಬಿಣ ಏಕೆ, ಹಿತ್ತಾಳೆ ಏಕಲ್ಲ?

ಕಬ್ಬಿಣದ ಪರಮಾಣುಗಳು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಅವು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಈ ಗುಂಪುಗಳಿಗೆ ಡೊಮೇನ್ ಎಂದು ಹೆಸರು. ಸಾಮಾನ್ಯ ಕಬ್ಬಿಣದಲ್ಲಿ ಒಂದೊಂದು ಡೊಮೇನ್ ಒಂದೊಂದು ದಿಕ್ಕಿಗಿರುವುದರಿಂದ ಬಲ ರದ್ದಾಗುತ್ತದೆ. ಕಾಂತ ಹತ್ತಿರ ಬಂದಾಗ ಅವು ಸಾಲಾಗುತ್ತವೆ. ಕಬ್ಬಿಣ ತಾತ್ಕಾಲಿಕ ಕಾಂತವಾಗುತ್ತದೆ. ಕಾಂತದ ಉತ್ತರ ಧ್ರುವದ ಎದುರು ಕಬ್ಬಿಣದಲ್ಲಿ ದಕ್ಷಿಣ ಧ್ರುವ ಮೂಡುತ್ತದೆ, ದಕ್ಷಿಣದ ಎದುರು ಉತ್ತರ. ಆದ್ದರಿಂದ ಯಾವ ಧ್ರುವ ತಾಗಿಸಿದರೂ ಕಬ್ಬಿಣ ಅಂಟುತ್ತದೆ. ತಾಮ್ರ ಮತ್ತು ಸತುವಿನಿಂದಾದ ಹಿತ್ತಾಳೆಯಲ್ಲಿ ಡೊಮೇನ್‌ಗಳಿಲ್ಲ. ತೆಳು ಲೇಪವು ಕಾಂತದ ಬಲವನ್ನು ತಡೆಯುವುದೂ ಇಲ್ಲ.

ಎರಡು ಎಚ್ಚರಿಕೆಗಳು: ಅಡುಗೆಮನೆಯ ಕೆಲವು ಬಗೆಯ ಸ್ಟೀಲಿಗೆ ಕಾಂತ ಅಂಟುವುದಿಲ್ಲ, ಆದರೂ ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಇನ್ನೊಂದು, ಒಂದು ವಸ್ತು ಕಾಂತ ಹೌದೋ ಅಲ್ಲವೋ ಎಂದು ತಿಳಿಯಲು ಅಂಟಿದರೆ ಸಾಲದು, ಏಕೆಂದರೆ ಬರೀ ಕಬ್ಬಿಣವೂ ಅಂಟುತ್ತದೆ. ಒಂದು ಕಾಂತದ ಧ್ರುವವನ್ನು ಅದು ವಿಕರ್ಷಿಸಿದರೆ ಮಾತ್ರ ಖಚಿತ.

ಆ ಸಾವಿರ ರೂಪಾಯಿಯನ್ನು ಅಬ್ಬಾ ನನ್ನ ಕೈಯಿಂದಲೇ ಅಂಗಡಿಯ ಪುಸ್ತಕದಲ್ಲಿ ನಷ್ಟವೆಂದು ಬರೆಸಿದರು. ಒಡೆದದ್ದನ್ನು ಆಗಲೇ ಫೋನಿನಲ್ಲಿ ಹೇಳಿದ್ದರೆ ಆ ಸಾಲು ಇರುತ್ತಿರಲಿಲ್ಲ. ಈಗ ತಕ್ಕಡಿಯ ಪಕ್ಕ ಒಂದು ತುಂಡು ನೇತಾಡುತ್ತಿದೆ. ಇನ್ನೊಂದು ನನ್ನ ಬ್ಯಾಗಿನಲ್ಲಿದೆ. ನೋಡಬೇಕೆನ್ನುವವರು ಮಧ್ಯಾಹ್ನದ ಬಿಡುವಿನಲ್ಲಿ ಕೇಳಿ.